ಪೀಂ ಎಂದರೆ ಒಂದು ಗಂಟೆ

ಕೆನಡಾದ ಸಿಬಿಸಿ ರೇಡಿಯೋದಲ್ಲಿ ಎಂಥ ದೊಡ್ಡ ಮನುಷ್ಯರು ಮಾತಾಡುತ್ತಿದ್ದರೂ ಮಧ್ಯಾಹ್ನ ಒಂದು ಗಂಟೆಗೆ ಬಾಯಿ ಮುಚ್ಚಲೇಬೇಕಿತ್ತು. ಮೊದಲು ಪಿಪ್ ಪಿಪ್ ಎಂಬ ಚುಟುಕು ಸದ್ದುಗಳು, ಆಮೇಲೆ ಹತ್ತು ಸೆಕೆಂಡು ಮೌನ, ಕೊನೆಗೊಂದು ಉದ್ದನೆಯ ಪೀಂ. ಆ ಪೀಂ ಶುರುವಾದ ಕ್ಷಣವೇ ಸರಿಯಾಗಿ ಒಂದು ಗಂಟೆ. 1939ರ ನವೆಂಬರ್ 5ರಂದು ಆರಂಭವಾದ ಈ ಪರಿಪಾಠ 2023ರ ಅಕ್ಟೋಬರ್ 9ರಂದು ನಿಂತುಹೋಯಿತು.

ಒಂದು ಗಂಟೆ ಎಂದರೂ ಅದು ಒಟ್ಟಾವ, ಟೊರಾಂಟೊ ಕಡೆಯವರ ಒಂದು ಗಂಟೆ. ಅದೇ ಹೊತ್ತಿಗೆ ವ್ಯಾಂಕೂವರ್‌ನಲ್ಲಿ ಬೆಳಗಿನ ಹತ್ತು, ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಎರಡೂವರೆ. ಗ್ರೀನಿಚ್ ಲೆಕ್ಕದಲ್ಲಿ ಅರ್ಧ ಗಂಟೆಯ ಬಾಲ ಇರುವುದು ನಮಗೊಬ್ಬರಿಗೇ ಅಲ್ಲ!

ಇಷ್ಟು ಕರಾರುವಾಕ್ಕು ಯಾರಿಗೆ ಬೇಕಿತ್ತು? ಹಡಗಿನವರಿಗೆ. ಸೂರ್ಯ, ನಕ್ಷತ್ರ ನೋಡಿ ರೇಖಾಂಶ ಲೆಕ್ಕ ಹಾಕುವಾಗ ಗಡಿಯಾರ ನಾಲ್ಕೇ ಸೆಕೆಂಡು ತಪ್ಪಿದರೂ ಸಮಭಾಜಕದ ಬಳಿ ಹಡಗು ಸುಮಾರು ಎರಡು ಕಿಲೋಮೀಟರ್ ಆಚೀಚೆ ಇದೆಯೆಂದು ತೋರುತ್ತದೆ. ಮನೆಯವರಿಗೆ ಅಷ್ಟೆಲ್ಲ ಬೇಡ. ಕೀಲಿ ಕೊಟ್ಟ ಗಡಿಯಾರದ ಮುಳ್ಳು ಸರಿಮಾಡಿದರೆ ಸಾಕು. ಆಕಾಶವಾಣಿಯ ವಾರ್ತೆಗೆ ಮುಂಚೆ ಬರುತ್ತಿದ್ದ ಪೀಂ ಪೀಂ ಸದ್ದಿಗೆ ಕೈಗಡಿಯಾರ ತಿರುಗಿಸಿಕೊಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಿಚಿತ್ರವೆಂದರೆ, ಈ ಸಂಕೇತ ನಿಂತದ್ದು ಗಡಿಯಾರ ಕೆಟ್ಟು ಅಲ್ಲ. ಅದನ್ನು ಕಳಿಸುತ್ತಿದ್ದ ಒಟ್ಟಾವದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಪರಮಾಣು ಗಡಿಯಾರಗಳೇ ಇವೆ. ಕೆಟ್ಟದ್ದು ದಾರಿ. ರೇಡಿಯೋ ಅಲೆ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ ಒಟ್ಟಾವದಿಂದ ವ್ಯಾಂಕೂವರ್ ಕಣ್ಣು ಮಿಟುಕಿಸುವಷ್ಟೂ ದೂರವಲ್ಲ. ಈಗಿನ ಸದ್ದು ಹಾಗೆ ನೆಟ್ಟಗೆ ಬರುವುದಿಲ್ಲ. ಅದನ್ನು ಅಂಕಿಗಳಾಗಿಸಿ, ಹಿಂಡಿ ಚಿಕ್ಕದು ಮಾಡಿ, 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹತ್ತಿಸಿ ಇಳಿಸುತ್ತಾರೆ. ಮೊಬೈಲಿನಲ್ಲಿ ಕೇಳಿದರೆ ಇಂಟರ್ನೆಟ್ಟು ತಡವರಿಸೀತೆಂದು ಆ್ಯಪ್ ಬೇರೆ ಒಂದಷ್ಟು ಸದ್ದನ್ನು ಮುಂಗಡವಾಗಿ ಕೂಡಿಟ್ಟುಕೊಂಡೇ ಕೇಳಿಸುತ್ತದೆ. ಹೀಗಾಗಿ ಒಂದೇ ಮನೆಯ ಎರಡು ಉಪಕರಣಗಳಲ್ಲಿ ಒಂದು ಗಂಟೆ ಎರಡು ಸಲ ಆಗತೊಡಗಿತು. ತಪ್ಪು ಹೊತ್ತು ಸಾರುವ ಅಧಿಕೃತ ಸಂಕೇತ ಯಾವ ಪುರುಷಾರ್ಥಕ್ಕೆ?

ಬಿಬಿಸಿಗೂ ಇದೇ ತಾಪತ್ರಯ. ಆದರೂ 1924ರ ಫೆಬ್ರವರಿ 5ರಂದು ಶುರುಮಾಡಿದ ಆರು ಪಿಪ್‌ಗಳನ್ನು ಅದು ಕೈಬಿಟ್ಟಿಲ್ಲ. ಡಿಜಿಟಲ್ ರೇಡಿಯೋದಲ್ಲಿ ಅವು ತಡವಾಗಿಯೇ ಬಂದು ತಲುಪುತ್ತವೆ.

ಕೆನಡಾದಲ್ಲಿ ನಿಂತದ್ದು ಸಿಬಿಸಿಯ ಪೀಂ ಮಾತ್ರ. ಸಂಶೋಧನಾ ಮಂಡಳಿಯದೇ ಸಿಎಚ್‌ಯು ಎಂಬ ಶಾರ್ಟ್‌ವೇವ್ ಕೇಂದ್ರ 3,330, 7,850 ಮತ್ತು 14,670 ಕಿಲೋಹರ್ಟ್ಸ್‌ಗಳಲ್ಲಿ ಸೆಕೆಂಡುಗಳನ್ನು ಎಣಿಸುತ್ತ, ನಿಮಿಷಕ್ಕೊಮ್ಮೆ ಇಂಗ್ಲಿಷ್ ಮತ್ತು ಫ್ರೆಂಚಿನಲ್ಲಿ ಹೊತ್ತು ಹೇಳುತ್ತದೆ.