ರಸ್ತೆಯ ಗುಂಡಿ ಯಾರ ಹೊಣೆ?

ಮಲೆನಾಡಿನ ಮಳೆಗೆ ಡಾಂಬರು ಕಿತ್ತುಹೋಗುವುದನ್ನು ನಾವು ಹಣೆಬರಹವೆಂದೇ ಒಪ್ಪಿಕೊಂಡಿದ್ದೇವೆ. ಕಾರು ಗುಂಡಿಗಿಳಿದು ಕೆಟ್ಟರೆ ಗ್ಯಾರೇಜಿಗೆ ಹಣ ತೆತ್ತು ಸುಮ್ಮನಾಗುತ್ತೇವೆ. ಆದರೆ ಒಳ್ಳೆಯ ರಸ್ತೆಯು ಸಂವಿಧಾನದ 21ನೆಯ ವಿಧಿಯಡಿ ನಾಗರಿಕರ ಹಕ್ಕೆಂದೂ, ಗುಂಡಿಯಿಂದ ನಷ್ಟವಾದವರು ಪರಿಹಾರ ಕೇಳಬಹುದೆಂದೂ ಕರ್ನಾಟಕ ಉಚ್ಚ ನ್ಯಾಯಾಲಯವು 2019ರ ಜುಲೈ 31ರಂದು ಹೇಳಿತು. ಆದೇಶವು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ. ಅದರ ನ್ಯಾಯ ಮಾತ್ರ ನಮ್ಮ ಊರುಗಳಿಗೂ ಸಲ್ಲತಕ್ಕದ್ದೆಂದೇ ನಮ್ಮ ಭಾವನೆ.

ರಸ್ತೆ ಯಾರದೆಂಬುದನ್ನು ಮೊದಲು ತಿಳಿಯಬೇಕು. ಸಾಗರದ ಒಳಬೀದಿಗಳಿಗೆ ನಗರಸಭೆ, ಹೊಸನಗರ ಮತ್ತು ತೀರ್ಥಹಳ್ಳಿಯ ಬೀದಿಗಳಿಗೆ ಪಟ್ಟಣ ಪಂಚಾಯಿತಿ ಹೊಣೆ. ತೀರ್ಥಹಳ್ಳಿಯನ್ನು ಹಾಯುವ ಶಿವಮೊಗ್ಗ–ಮಂಗಳೂರು ರಸ್ತೆಯಾದರೋ ರಾಷ್ಟ್ರೀಯ ಹೆದ್ದಾರಿ. ಇದನ್ನರಿಯದೆ ಕೊಟ್ಟ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ದುರಸ್ತಿಯ ರಸೀದಿ, ದಿನಾಂಕ, ಸ್ಥಳದ ವಿವರ ಲಗತ್ತಿಸಿ, ಸ್ವೀಕೃತಿಯ ಮುದ್ರೆ ಪಡೆಯಬೇಕು. ಗುಂಡಿಯ ಛಾಯಾಚಿತ್ರವನ್ನಂತೂ ಅಂದೇ ತೆಗೆದಿರಿಸಿರಿ. ದೂರು ಹೋದ ಮರುದಿನವೇ ಅದಕ್ಕೆ ಒಂದು ಬುಟ್ಟಿ ಮಣ್ಣು ಬೀಳುವುದುಂಟು!