ಹಡಗು ಕಟ್ಟುವವರಿಗೆ ಸರ್ಕಾರದ ಹಣ: ಎಷ್ಟು, ಯಾವಾಗ?

ಹಟ್ಟಿಕೇರಿ ಟೋಲ್ ದಾಟಿ ಕಾರವಾರದತ್ತ ಹೋದರೆ ಅರ್ಗಾದಲ್ಲಿ ನೌಕಾನೆಲೆ ಸಿಗುತ್ತದೆ. 2005ರ ಮೇ 31ರಂದು ಶುರುವಾದ ಐಎನ್‌ಎಸ್ ಕದಂಬದಲ್ಲಿ 10,000 ಟನ್‌ವರೆಗಿನ ಹಡಗನ್ನು ನೀರಿನಿಂದ ಎತ್ತಿ ದುರಸ್ತಿಗೆ ನಿಲ್ಲಿಸುವ ಶಿಪ್‌ಲಿಫ್ಟ್ ಇದೆ. ಯುದ್ಧನೌಕೆಗಳ ಖರ್ಚು ರಕ್ಷಣಾ ಬಜೆಟ್ಟಿನದು. ಟಗ್, ಸರಕು ಹಡಗು ಕಟ್ಟುವವರಿಗೆ ಅಂಥ ಖಾಯಂ ಗಿರಾಕಿ ಇಲ್ಲ. ಕೇಂದ್ರದ ಹಡಗು ನಿರ್ಮಾಣ ನೆರವು ನೀತಿ ಬೇಕಾಗುವುದು ಇಂಥವರಿಗೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಉದಾಹರಣೆ ಮಲ್ಪೆ. ದಿವಾಳಿ ಪ್ರಕ್ರಿಯೆಗೆ ಸಿಕ್ಕಿದ್ದ ಟೆಬ್ಮಾ ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡಿತು. ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರು ಬದಲಾದ ಅದಕ್ಕೆ ಟಗ್‌ಗಳ ಜತೆ ನಾರ್ವೆಯ ವಿಲ್ಸನ್ ಕಂಪನಿಯಿಂದ 3,800 ಟನ್ ಸಾಮರ್ಥ್ಯದ 6 ಸರಕು ಹಡಗುಗಳ ಆರ್ಡರೂ ಬಂತು.

ನೆರವು ಏಕೆ?

ಜಗತ್ತಿನ ಹಡಗುಗಳಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಚೀನಾ, ದಕ್ಷಿಣ ಕೊರಿಯಾ ಮತ್ತು ಜಪಾನಿನ ಯಾರ್ಡ್‌ಗಳದು. ಭಾರತದ ಪಾಲು ಶೇ 1ನ್ನೂ ಮುಟ್ಟಿಲ್ಲ. ಇಲ್ಲಿ ದುಡಿಯುವ ಬಂಡವಾಳಕ್ಕೆ ಬಡ್ಡಿ ಜಾಸ್ತಿ, ಎಂಜಿನ್ನಿನಂಥ ದೊಡ್ಡ ಭಾಗಗಳು ಹೊರದೇಶದಿಂದ ಬರಬೇಕು. ಹೀಗೆ ಏರುವ ಬೆಲೆಯ ಒಂದು ಭಾಗವನ್ನು ಸರ್ಕಾರ ಭರಿಸುತ್ತದೆ.

ಲೆಕ್ಕ ಹೇಗೆ?

2016ರ ಏಪ್ರಿಲ್ 1ರಿಂದ ಜಾರಿಗೆ ಬಂದ ನೀತಿಯಲ್ಲಿ ನೆರವು ಶೇ 20ರಿಂದ ಆರಂಭ. ಮೂರು ವರ್ಷಕ್ಕೊಮ್ಮೆ 3 ಅಂಶ ಇಳಿಕೆ. ಕರಾರಿನ ಬೆಲೆ, ಮೌಲ್ಯಮಾಪಕರು ಹೇಳುವ ನ್ಯಾಯಬೆಲೆ, ಇವುಗಳಲ್ಲಿ ಕಡಿಮೆ ಇರುವುದಕ್ಕೇ ಲೆಕ್ಕ. ಹಾಗಾಗಿ ಕಾಗದದಲ್ಲಿ ಬೆಲೆ ಉಬ್ಬಿಸಿ ಲಾಭವಿಲ್ಲ. 2017ರಲ್ಲಿ ಕರಾರಾದ 50 ಕೋಟಿ ರೂಪಾಯಿಯ ಹಡಗಿಗೆ ಹೆಚ್ಚೆಂದರೆ 10 ಕೋಟಿ. ಅದೂ ಹಡಗು ಒಪ್ಪಿಸಿದ ಮೇಲೆ. ಅಲ್ಲಿಯವರೆಗೆ ಯಾರ್ಡ್ ಸಾಲದಲ್ಲೇ ಕೆಲಸ ನಡೆಸಬೇಕಿತ್ತು.

2025ರ ಸೆಪ್ಟೆಂಬರ್ 24ರಂದು ಸಂಪುಟ ಒಪ್ಪಿದ 69,725 ಕೋಟಿ ರೂಪಾಯಿಯ ಪ್ಯಾಕೇಜ್ ಈ ತೊಡಕನ್ನು ಸಡಿಲಿಸಿದೆ. ಯೋಜನೆ 2036ರ ಮಾರ್ಚ್ 31ರವರೆಗೆ ಮುಂದುವರಿಯಲಿದೆ. ಹಡಗಿನ ಬಗೆ ನೋಡಿ ಶೇ 15ರಿಂದ 25ರಷ್ಟು ನೆರವು. ಭದ್ರತೆ ಒದಗಿಸಿದರೆ ಕೆಲಸದ ಹಂತಕ್ಕೆ ತಕ್ಕಂತೆ ಕಂತುಗಳಲ್ಲಿ ಪಾವತಿ. ಜತೆಗೆ 25,000 ಕೋಟಿಯ ಸಾಗರ ಅಭಿವೃದ್ಧಿ ನಿಧಿ ಬಂಡವಾಳ ಮತ್ತು ಬಡ್ಡಿ ಹೊರೆಗೆ ನೆರವಾದರೆ, 19,989 ಕೋಟಿಯ ಇನ್ನೊಂದು ಯೋಜನೆ ಹಡಗು ನಿರ್ಮಾಣ ಕ್ಲಸ್ಟರ್, ಯಾರ್ಡ್ ವಿಸ್ತರಣೆ ಹಾಗೂ ವಿಮಾ ರಕ್ಷಣೆಗೆ.

ಆರ್ಡರ್ ಇಲ್ಲದಿದ್ದರೆ?

ನಿರ್ಮಾಣ ನೆರವು ಹಡಗಿನ ಲೆಕ್ಕದಲ್ಲಿ ಬರುವುದರಿಂದ, ಆರ್ಡರ್ ಇಲ್ಲದ ಯಾರ್ಡಿಗೆ ಅದರಿಂದ ಒಂದು ರೂಪಾಯಿಯೂ ಇಲ್ಲ. ಅದಕ್ಕೇ ಹಳೆ ಹಡಗನ್ನು ಭಾರತದಲ್ಲಿ ಒಡೆಯಲು ಕೊಟ್ಟ ಮಾಲೀಕನಿಗೆ ಗುಜರಿ ಬೆಲೆಯ ಶೇ 40ರಷ್ಟರ ಕ್ರೆಡಿಟ್ ನೋಟ್ ಕೊಡಲಾಗುತ್ತದೆ. ಭಾರತದ ಯಾರ್ಡಿನಲ್ಲಿ ಹೊಸ ಹಡಗು ಕಟ್ಟಿಸಿದರಷ್ಟೇ ಅದಕ್ಕೆ ಬೆಲೆ.