ಎರಡು ದಿನ, ಇಬ್ಬರು, ಅಲಿಬಾಗ್

ಮದುವೆ ವಾರ್ಷಿಕೋತ್ಸವ.
ಎರಡೇ ದಿನ ರಜೆ.
ಬದಲಾಪುರದಿಂದ ಯಾವ ಕಡಲತೀರಕ್ಕೆ ಹೋಗ್ತೀರಿ?

ನಾನಂತೂ ಅಲಿಬಾಗ್ ಅಂತೀನಿ.

ಬೆಳಗಿನ ಲೋಕಲ್ ಹಿಡಿದು ಸಿಎಸ್‌ಎಂಟಿ.
ಗೇಟ್‌ವೇ ಆಫ್ ಇಂಡಿಯಾದಿಂದ ಮಾಂಡ್ವಾಕ್ಕೆ ಲಾಂಚ್,
ಸುಮಾರು ಒಂದು ಗಂಟೆ.
ಚಳಿಗಾಲದಲ್ಲಾದ್ರೆ ಕಡಲಹಕ್ಕಿಗಳು ದಾರಿಯುದ್ದಕ್ಕೂ ಜೊತೆಗೇ ಬರ್ತವೆ.
ಅಲ್ಲಿಂದ ಅಲಿಬಾಗ್‌ಗೆ ಬಸ್ಸು.

ತೀರದಲ್ಲಿ ನಿಂತ್ರೆ ಎದುರಿಗೇ ಕುಲಾಬಾ ಕೋಟೆ.
ಶಿವಾಜಿ ಕಾಲದ್ದು. ನೀರಿನ ಮಧ್ಯೆ!

ಇಳಿತದಲ್ಲಿ ನೀರು ಹಿಂದೆ ಸರಿಯುತ್ತೆ.
ಆಗ ಚಪ್ಪಲಿ ಕೈಯಲ್ಲಿ ಹಿಡಿದು,
ಇಬ್ಬರೂ ಕೋಟೆಗೆ ನಡೆದೇ ಹೋಗಬಹುದು.
ಇದಕ್ಕಿಂತ ಚಂದದ ಉಡುಗೊರೆ ಬೇಕಾ?

ಆದ್ರೆ ಹುಷಾರು.
ಈ ದಾರಿ ನಮ್ಮ ಲೋಕಲ್ ಇದ್ದಂಗೆ, ಯಾರಿಗೂ ಕಾಯಲ್ಲ.
ತಪ್ಪಿದ್ರೆ ಮುಂದಿನ ಇಳಿತ ಸುಮಾರು ಹನ್ನೆರಡೂವರೆ ಗಂಟೆ ಬಿಟ್ಟು!

ಮಳೆಗಾಲದಲ್ಲಿ ಗೇಟ್‌ವೇ ಲಾಂಚ್ ಇರಲ್ಲ.
ಹೊರಡೋ ದಿನ ಗೊತ್ತುಮಾಡೋ ಮೊದಲು
ಇಳಿತದ ಸಮಯ ನೋಡ್ಕೊಳ್ಳಿ.